ಉಪ್ಪು ತಿನ್ನದವರ ಸಿಫಾರಸು

ನನ್ನ ಬಗ್ಗೆ ನಾನೇ ಬರೆದ ಮೊದಲ ಬರಹದ ಕೆಳಗೆ ನನ್ನ ಸಹಿ ಇರಲಿಲ್ಲ. ತಾಂಡೂರಿನ ಹೆಡ್‌ಮಾಸ್ತರರು ಬರೆದ ಹಾಗೆ ಅದನ್ನು ನಾನು ಉರ್ದುವಿನಲ್ಲಿ ಬರೆದಿದ್ದೆ. “ಈ ವಿದ್ಯಾರ್ಥಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ” ಎಂದು ಶುರುವಾಗುತ್ತಿತ್ತು. ಆ ಒಂದು ವಾಕ್ಯ ಬರೆದು ಬಹಳ ಹೊತ್ತು ಕುಳಿತಿದ್ದೆ. ಮುಂದೇನೂ ತೋಚಲಿಲ್ಲ. ಆ ವಿದ್ಯಾರ್ಥಿಯನ್ನು ನಾನೂ ಅಷ್ಟಾಗಿ ಬಲ್ಲವನಾಗಿರಲಿಲ್ಲ.

ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಆಮೇಲೆ. ಆ ಬೇಸಿಗೆಯಲ್ಲಿ ಬರೆದಿಟ್ಟ ಒಂದು ಸಾಲೂ ನನ್ನ ಬಳಿ ಇಲ್ಲ. ಹೀಗಾಗಿ ಇಲ್ಲಿ ಹೇಳುವುದೆಲ್ಲ ನೆನಪಿನ ಮಾತು. ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ನಾವೇ ನೇಮಿಸಿಕೊಂಡ ವಕೀಲನ ಹಾಗೆ, ನಮಗೆ ಅನುಕೂಲವಾದದ್ದನ್ನೇ ಮುಂದೆ ಮಾಡುತ್ತದೆ. ಸಂಶಯ ಬಂದ ಕಡೆ ಹೇಳುತ್ತ ಹೋಗುತ್ತೇನೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ನಮ್ಮ ಕಡೆ ಕಚೇರಿಯೂ ಕಾಲೇಜೂ ಉರ್ದುವಿನಲ್ಲೇ ನಡೆಯುತ್ತಿದ್ದವು. ಹೈದರಾಬಾದಿನಲ್ಲಿದ್ದು ಇಂಟರ್ ಸೈನ್ಸ್ ಪಾಸು ಮಾಡಿಕೊಂಡು ಜಹೀರಾಬಾದಿಗೆ ಬಂದಿದ್ದೆ. ಡಾಕ್ಟರಿ ಓದಬೇಕೆಂಬುದು ಗಟ್ಟಿಯಾಗಿತ್ತು. ಯಾಕೆಂದು ಈಗ ಕೇಳಿದರೆ ಒಳ್ಳೊಳ್ಳೆಯ ಕಾರಣಗಳನ್ನು ಕೊಡಬಲ್ಲೆ: ಊರಲ್ಲಿ ಜ್ವರ ಬಂದರೆ ಬೀದರಿಗೋ ವಿಕಾರಾಬಾದಿಗೋ ರೈಲು ಹತ್ತಬೇಕಿತ್ತು, ಕಣ್ಣೆದುರಿಗೆ ಅಜ್ಜಿ ನರಳಿ ಸತ್ತಿದ್ದಳು. ಆದರೆ ಅಪ್ಪನ ಬೆಲ್ಲದ ಅಡತಿ ಅಂಗಡಿಯಲ್ಲಿ ನೊಣ ಓಡಿಸುತ್ತ ಕೂರುವುದು ನನಗೆ ಬೇಡವಾಗಿತ್ತು ಎಂಬುದೂ ಅಷ್ಟೇ ನಿಜ. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ಹೇಳಲಾರೆ. ಆ ವರ್ಷ ಸೀಟು ಸಿಗದಿದ್ದರೆ ಅಂಗಡಿಯಲ್ಲಿ ಕೂರಬೇಕು ಎಂದು ಅಪ್ಪ ಹೇಳಿದ್ದ. ಅದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಕಾಲೇಜಿನ ಅರ್ಜಿಯ ಜೊತೆ ಎರಡು ಸಿಫಾರಸು ಪತ್ರ ಇಡಬೇಕಿತ್ತು. ಒಂದು ಕಲಿಸಿದವರದು. ಇನ್ನೊಂದು, ಮನೆತನವನ್ನು ಬಲ್ಲ ‘ಮುಅಜ್ಜಿಜ್’ ಒಬ್ಬರದು, ಎಂದರೆ ಮಾನವಂತರದು. ಮಾನವಂತರೆಂದರೆ ಸರಕಾರದಲ್ಲೋ ಜಾಗೀರಿನಲ್ಲೋ ಹುದ್ದೆಯಲ್ಲಿದ್ದವರು ಎಂದು ಎಲ್ಲರೂ ಅರ್ಥ ಮಾಡಿಕೊಂಡಿದ್ದರು. ಜೂನಿನಲ್ಲಿ ಮಿರಗದ ಮಳೆ ಶುರುವಾಗುವ ಹೊತ್ತಿಗೆ ಎರಡೂ ಹೈದರಾಬಾದಿಗೆ ಮುಟ್ಟಬೇಕಿತ್ತು.

ಮೊದಲು ತಾಂಡೂರಿಗೆ ಹೋದೆ. ಮಿಡ್ಲ್ ಸ್ಕೂಲು ನಾನು ಓದಿದ್ದು ಅಲ್ಲಿಯೇ, ಸೋದರಮಾವನ ಮನೆಯಲ್ಲಿದ್ದುಕೊಂಡು. ಮಾವನದು ಹಾಸುಗಲ್ಲಿನ ವ್ಯಾಪಾರ. ಹೆಡ್‌ಮಾಸ್ತರರು ಅದೇ ಕಲ್ಲು ಹಾಸಿದ ಅಂಗಳಕ್ಕೆ ನೀರು ಹೊಡೆಸಿ, ಬರಿಗಾಲನ್ನು ಅದರ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಬಂದ ಕೆಲಸ ಹೇಳಿದೆ.

“ಮಸೂದೆ ತಂದೀಯೇನು?” ಎಂದರು.

“ಯಾವ ಮಸೂದೆರಿ, ಮಾಸ್ತರ್‌ಸಾಬ್?”

“ಸಿಫಾರಿಸಿಂದು. ನಿನ್ನ ಬಗ್ಗೆ ನಾ ಬರೀಬೇಕಂದ್ರ ನಂಗೇನು ಗೊತ್ತದ? ನಿಂಗ ಗೊತ್ತದ. ನೀ ಬರಕೊಂಡು ಬಾ, ನಾ ದಸ್ಕತ್ ಮಾಡ್ತೀನಿ.”

ಅದೇ ರೂಢಿ ಎಂದು ಮಾವ ಸಂಜೆ ವಿವರಿಸಿದ. ಸಿಫಾರಸು ಬೇಕಾದವನೇ ಅದನ್ನು ಬರೆದು ಒಯ್ಯಬೇಕು. ದೊಡ್ಡವರು ಒಂದೆರಡು ಶಬ್ದ ತಿದ್ದುತ್ತಾರೆ. ತಿದ್ದಿದಷ್ಟು ಅವರದು, ಉಳಿದದ್ದೂ ಅವರದು. “ಮದಿವಿ ಮಾಡುವಾಗ ಹುಡುಗನ ಗುಣ ನಾವು ಹೇಳಂಗಿಲ್ಲೇನು? ಹಾಂಗ ತಿಳ್ಕೋ,” ಎಂದ. “ಆದ್ರ ಇಲ್ಲಿ ಹುಡುಗನೂ ನೀನೇ, ಮಾವನೂ ನೀನೇ.”

ನಾನು ಬರೆದೆ. ‘ಸಾಧಾರಣ ಬುದ್ಧಿಯವನು, ಆದರೆ ಶ್ರಮಪಡುವವನು’ ಎಂದು ಬರೆದೆ. ಹೆಡ್‌ಮಾಸ್ತರರು ಓದಿ ಕನ್ನಡಕದ ಮೇಲಿಂದ ನೋಡಿದರು.

“ಸಾಧಾರಣ ಅಂತ ಯಾರು ಹೇಳಿದ್ರು ನಿಂಗ?”

“ಖರೆ ಅದರಿ.”

“ಖರೆ ಯಾರು ಕೇಳ್ಯಾರ ಇಲ್ಲಿ? ಹಿಂಗ ಬರದ್ರ ದವಾಖಾನಿ ಗೇಟ್ ಕಾಯಾಕನೂ ತಗೊಳ್ಳಂಗಿಲ್ಲ ನಿನ್ನ. ಹೋಗು, ಚಂದಗೆ ಬರಕೊಂಡು ಬಾ.”

ಮರುದಿನ ಬೇರೆ ಬರೆದೆ. ಜಿಲ್ಲೆಯಲ್ಲೇ ಇಂಥ ವಿದ್ಯಾರ್ಥಿ ಇನ್ನೊಬ್ಬನಿಲ್ಲ ಎಂದು ನಾಚಿಕೆಗೆಟ್ಟು ಬರೆದೆ. ಅದನ್ನೂ ಓದಿದರು. “ಇದು ಜರಾ ಜಾಸ್ತಿ ಆತು ನೋಡು. ನನ್ನ ಮಗನೂ ಇದೇ ಜಿಲ್ಲಾದವ,” ಎಂದರು.

ಮೂರನೆಯ ಸಲ ಅವರೇ ಕಲಮು ತೆಗೆದುಕೊಂಡರು. ನನಗೆ ಸಮಾಧಾನವಾಯಿತು. ಆದರೆ ಬರೆಯುತ್ತ ಬರೆಯುತ್ತ ಅವರಿಗೆ ತಮ್ಮ ನೌಕರಿಯ ಕಥೆ ನೆನಪಾಯಿತು. ತಾವು ಬರುವ ಮುಂಚೆ ಶಾಲೆ ಕುದುರೆ ಲಾಯದಲ್ಲಿತ್ತು, ತಾವು ಬಂದು ಕಟ್ಟಡ ಕಟ್ಟಿಸಿದ್ದು, ಇನ್ಸ್‌ಪೆಕ್ಟರ್ ಸಾಹೇಬರು ಬಂದು ಮೆಚ್ಚಿದ್ದು, ತಮ್ಮ ಕೈಯಲ್ಲಿ ಕಲಿತವರು ಎಲ್ಲೆಲ್ಲಿ ಎಂಥೆಂಥ ಹುದ್ದೆಯಲ್ಲಿದ್ದಾರೆ ಎಂಬುದು, ಎಲ್ಲ ಬಂತು. ನಾನು ಕಾಣಿಸಿಕೊಂಡದ್ದು ಕಾಗದದ ಬುಡದಲ್ಲಿ: ‘ಅರ್ಜಿದಾರ ಇಂಥ ಶಾಲೆಯ ವಿದ್ಯಾರ್ಥಿ ಎಂಬುದೇ ಸಾಕು.’ ಸಾಕೆಂದು ಅವರಿಗೆ ಅನ್ನಿಸಿತ್ತು. ಕೈಮುಗಿದು ಕಾಗದ ತೆಗೆದುಕೊಂಡೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಲು ಕಾಯುತ್ತ ಅದನ್ನು ಮತ್ತೆ ಮತ್ತೆ ಓದಿದೆ. ಹೆಡ್‌ಮಾಸ್ತರರಿಗೆ ಡಾಕ್ಟರಿ ಸೀಟು ಖಂಡಿತ ಸಿಗುತ್ತಿತ್ತು.

ಎರಡನೆಯ ಪತ್ರಕ್ಕೆ ಅಪ್ಪ ನಾರಾಯಣಖೇಡದ ಸಾಹೇಬರ ಹೆಸರು ಹೇಳಿದ. ಅವರು ಒಬ್ಬ ನವಾಬರ ಜಾಗೀರಿನ ಹಳ್ಳಿಗಳ ಆಡಳಿತ ನೋಡುತ್ತಿದ್ದರು. ನವಾಬರು ಹೈದರಾಬಾದಿನಲ್ಲಿ, ಸಾಹೇಬರು ಇಲ್ಲಿ. ಅವರ ಮನೆಗೆ ವರ್ಷವೂ ನಮ್ಮ ಅಂಗಡಿಯಿಂದ ಬೆಲ್ಲ ಹೋಗುತ್ತಿತ್ತು. ರಮಜಾನಿಗೆ ಮುಂಚೆ ಅಪ್ಪ ತಾನೇ ಆರಿಸಿ ಹಳದಿ ಬಣ್ಣದ ಪೆಂಟೆಗಳನ್ನು ಕಳಿಸುತ್ತಿದ್ದ. ಪರಿಚಯವೆಂದರೆ ಅಷ್ಟೇ. ಆದರೂ ನಮಗೆ ಗೊತ್ತಿದ್ದ ಮಾನವಂತರೆಂದರೆ ಅವರೊಬ್ಬರೇ.

ಇದ್ದಲಿನ ಗ್ಯಾಸಿನಿಂದ ಓಡುವ ಮೋಟಾರಿನಲ್ಲಿ ರಾಯಿಕೋಡಿನ ತನಕ, ಅಲ್ಲಿಂದ ಎತ್ತಿನ ಗಾಡಿ, ಮಂಜೀರಾ ಹೊಳೆಯಲ್ಲಿ ಮೊಣಕಾಲಿನ ತನಕ ನೀರು. ದಾಟಿ ಹೋಗಿ, ಮತ್ತೊಂದು ಗಾಡಿ ಹಿಡಿದೆ. ಕಚೇರಿಯಲ್ಲಿ ಸಾಹೇಬರಿಗಿಂತ ಮೊದಲು ಅವರ ಕಾಗದಪತ್ರ ಬರೆಯುವ ಮುನಶಿಯನ್ನು ಕಾಣಬೇಕಿತ್ತು. ಅವರು ನಮ್ಮವರೇ, ಕನ್ನಡ ಮಾತಾಡುವವರು. ಈ ಸಲ ಮಸೂದೆ ಒಯ್ದಿದ್ದೆ. ‘ಇವರ ಮನೆತನ ನನಗೆ ಪರಿಚಿತ, ಹುಡುಗ ಸಭ್ಯಸ್ಥ’ ಎಂದು ತಗ್ಗಿಬಗ್ಗಿ ಬರೆದಿದ್ದೆ.

ಮುನಶಿ ಓದಿ ನಕ್ಕರು. “ಪರಿಚಿತ! ಬಜಾರದಾಗ ಭೇಟಿ ಆದವ್ರೆಲ್ಲ ಪರಿಚಿತರೇ. ಇದು ಸಪ್ಪಗದ ತಮ್ಮಾ. ಕೊಡು ಇಲ್ಲಿ.” ಒಂದು ಗೆರೆ ಹೊಡೆದು ಅದರ ಮೇಲೆ ಏನೋ ಬರೆದರು. ಆಮೇಲೆ ದಪ್ಪ ಕಾಗದದ ಮೇಲೆ ತಮ್ಮ ಚಂದದ ಅಕ್ಷರದಲ್ಲಿ ಎಲ್ಲವನ್ನೂ ನಕಲು ಮಾಡಿದರು. “ಇದು ಓದಿದ್ರ ಹೈದರಾಬಾದಿನಾಗ ಎದ್ದು ನಿಲ್ತಾರ,” ಎಂದರು.

ನಾನು ಅದರ ಮೇಲೆ ಕಣ್ಣಾಡಿಸಿದೆ. ಎಲ್ಲ ಅರ್ಜಿಗಳಲ್ಲಿ ಇರುವ ಮಾತುಗಳೇ ಕಂಡವು. ಉರ್ದುವಿನಲ್ಲೇ ಶರೀರಶಾಸ್ತ್ರ ಓದಿದವನು ನಾನು. ಇಂಥ ಮಾತುಗಳನ್ನು ಓದುವಾಗ ಕಣ್ಣು ಅವುಗಳ ಮೇಲೆ ನಿಲ್ಲುವುದೇ ಇಲ್ಲ. ಸಾಹೇಬರು ಮೊಣಕಾಲು ನೀವಿಕೊಳ್ಳುತ್ತ ಸಹಿ ಹಾಕಿದರು, ಮುದ್ರೆ ಒತ್ತಿಸಿದರು. “ಡಾಕ್ಟರ್ ಆದ ಮ್ಯಾಲ ಮೊದಲು ನನ್ನ ಮೊಳಕಾಲು ನೋಡ್ಬೇಕು,” ಎಂದು ದಖ್ಖನಿ ಉರ್ದುವಿನಲ್ಲಿ ಹೇಳಿದರು. ನಾನು ಖುಷಿಯಿಂದ ಜಹೀರಾಬಾದಿಗೆ ಮರಳಿದೆ.

ಮನೆಯಲ್ಲಿ ಅಪ್ಪ ಓದಿಸಿ ಕೇಳಿದ. ಅವನಿಗೆ ಉರ್ದು ಓದಲು ಬರುತ್ತಿರಲಿಲ್ಲ, ಆದರೆ ಅಂಗಡಿಯಲ್ಲಿ ದಿನಾಲೂ ದಖ್ಖನಿ ಮಾತಾಡುತ್ತಿದ್ದ. ತಾಂಡೂರಿನ ಪತ್ರಕ್ಕೆ ಅಲ್ಲಲ್ಲಿ ತಲೆದೂಗಿದ. ಅವ್ವ ಬಾಗಿಲ ಬಳಿ ತೊಗರಿ ಆರಿಸುತ್ತ ಕೂತಿದ್ದಳು. ನಾರಾಯಣಖೇಡದ ಪತ್ರವನ್ನು ನಾನು ಇನ್ನೂ ಜೋರಾಗಿ, ರಾಗವಾಗಿ ಓದಿದೆ. ‘ಈ ಹುಡುಗ ನಮ್ಮ ಮನೆತನದ ನಮಕ್ ಪರ್ವರ್ದಾ’ ಎಂಬಲ್ಲಿ ಅಪ್ಪ ಕೈ ಎತ್ತಿದ.

“ನಿಲ್ಲು. ಅದೇನದು?”

“ಅದು ಬರೆಯೋ ರೀತಿ ಅಪ್ಪಾ. ಬೇಕಾದವ್ರು ಅಂತ ಅರ್ಥ.”

“ನಮಕ್ ಅಂದ್ರ ಉಪ್ಪು ಅಂತ ನಂಗ ಗೊತ್ತದ. ಮುಂದಿಂದು ಹೇಳು.”

ಹೇಳಲೇಬೇಕಾಯಿತು. “ಉಪ್ಪು ತಿನ್ನಿಸಿ ಬೆಳೆಸಿದವ ಅಂತ.”

“ಯಾರ ಉಪ್ಪು?”

“ಸಾಹೇಬ್ರ ಮನೀದು.”

“ಅವ್ರು ನಮ್ಮ ಬೆಲ್ಲ ತಿಂದಾರ. ನಾವು ಅವ್ರ ಉಪ್ಪು ಯಾವಾಗ ತಿಂದೀವಿ?” ಎಂದ ಅಪ್ಪ.

ಅವ್ವ ಮೊರ ಕೆಳಗಿಟ್ಟಳು. “ಅವ್ರು ಬೆಳೆಸ್ಯಾರಂತ? ಹಾಂಗಾದ್ರ ಇಷ್ಟು ವರ್ಷ ನಾ ಏನು ಮಾಡ್ದೆ, ಕಟ್ಟಿ ಮ್ಯಾಲ ಕುಂತಿದ್ನೇನು?”

ನಾನು ವಿವರಿಸಲು ಹೊರಟೆ. ಇದು ಹಳೆಯ ದರಬಾರಿನ ಮಾತು, ಯಾರೂ ಉಪ್ಪಿನ ಲೆಕ್ಕ ಹಾಕುವುದಿಲ್ಲ, ದೊಡ್ಡ ದೊಡ್ಡ ಮನೆತನದವರೂ ತಮ್ಮನ್ನು ಹೀಗೆ ಕರೆದುಕೊಂಡು ಹೆಮ್ಮೆಪಡುತ್ತಾರೆ, ಇದರಿಂದ ನನ್ನ ಬೆಲೆ ಏರುತ್ತದೆ ಎಂದೆಲ್ಲ ಹೇಳಿದೆ. ನನ್ನ ಮಾತು ಸರಿಯಾಗಿತ್ತು. ಈಗಲೂ ಸರಿಯೆಂದೇ ಅನ್ನುತ್ತೇನೆ. ಆದರೆ ಅಪ್ಪ ಕೇಳಿದ್ದು ಬೇರೆ. “ಇದು ಖರೆ ಏನು, ಸುಳ್ಳೇನು, ಅಷ್ಟು ಹೇಳು.”

“ಖರೆನೂ ಅಲ್ಲ, ಸುಳ್ಳೂ ಅಲ್ಲ.”

“ಉಪ್ಪು ತಿಂದಿದ್ರ ತಿಂದೀವಿ. ಇಲ್ದಿದ್ರ ಇಲ್ಲ. ನಡುವಿಂದು ಯಾವುದದ ಇದರಾಗ?”

ನಮ್ಮ ಕಡೆ ಉಪ್ಪು ತಿನ್ನುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಒಬ್ಬರ ಉಪ್ಪು ತಿಂದಮೇಲೆ ಅವರಿಗೆ ಎದುರಾಡುವಂತಿಲ್ಲ, ಅವರ ತಪ್ಪನ್ನು ಹೊರಗೆ ಹೇಳುವಂತಿಲ್ಲ. ಅಪ್ಪ ಬೆಲ್ಲದ ದರದ ಮೇಲೆ ಅದೇ ಸಾಹೇಬರ ಕಾರಕೂನನ ಜೊತೆ ವರ್ಷವೂ ಜಗಳಾಡುತ್ತಿದ್ದ. ಆ ಜಗಳದ ಹಕ್ಕನ್ನು ಅವನು ನನ್ನ ಸೀಟಿಗಾಗಿ ಬಿಟ್ಟುಕೊಡಬೇಕಿತ್ತು. ಇದು ನನಗೆ ಆಗ ಹೊಳೆದಿತ್ತೋ, ಆಮೇಲೆ ಯಾವಾಗಲೋ ನಾನೇ ಜೋಡಿಸಿಕೊಂಡೆನೋ ಹೇಳಲಾರೆ. ಆಗ ನನಗಿದ್ದದ್ದು ಸಿಟ್ಟು. ಗಡುವು ಹತ್ತಿರ ಬರುತ್ತಿತ್ತು, ಕೈಯಲ್ಲಿ ಮುದ್ರೆ ಒತ್ತಿದ ಪತ್ರವಿತ್ತು, ಅಪ್ಪ ಒಂದು ಶಬ್ದಕ್ಕೆ ಅಡ್ಡ ಕೂತಿದ್ದ.

“ನಾಳೆ ಹೋಗೋಣು. ಆ ಮಾತು ತೆಗೆಸೋಣು,” ಎಂದ.

“ಅವ್ರಿಗೆ ಅಪಮಾನ ಆಗ್ತದ ಅಪ್ಪಾ.”

“ಯಾಕ? ನಾವೇನು ಅವ್ರು ನಮ್ಮ ಉಪ್ಪು ತಿಂದಾರ ಅಂತ ಬರೀ ಅಂತೀವೇನು?”

ಮತ್ತೆ ಮೋಟಾರು, ಗಾಡಿ, ಹೊಳೆ. ಹೊಳೆಯ ದಂಡೆಯಲ್ಲಿ ಅಪ್ಪ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿದ. ನಾನು ಹಸಿವಿಲ್ಲವೆಂದೆ. “ಸಿಟ್ಟು ಬ್ಯಾರೆ, ರೊಟ್ಟಿ ಬ್ಯಾರೆ,” ಎಂದು ಅರ್ಧ ಮುರಿದು ಕೈಗೆ ಕೊಟ್ಟ. ತಿಂದೆ.

ಸಾಹೇಬರು ಕಚೇರಿಯ ಹಿಂದಿನ ಪಡಸಾಲೆಯಲ್ಲಿದ್ದರು. ಎದುರಿಗೆ ತಾಟಿನಲ್ಲಿ ಹೊಳೆಯ ಮರಳಿನಲ್ಲಿ ಬೆಳೆದ ಎಳೆಯ ಸೌತೆಕಾಯಿ, ಹೆಚ್ಚಿದ್ದು, ಪಕ್ಕದಲ್ಲಿ ಪುಡಿ ಉಪ್ಪು. ಅಪ್ಪನನ್ನು ಕಂಡು, “ಆವೋ ಸೇಠ್, ಬೆಲ್ಲ ಇಲ್ದೆ ಬಂದಿರಿ ಈ ಸಲ?” ಎಂದರು. ಬಹಳ ವರ್ಷ ಈ ಕಡೆ ಇದ್ದುದರಿಂದ ಅವರ ದಖ್ಖನಿಯಲ್ಲಿ ನಮ್ಮ ಮಾತು ಅರ್ಧ ಬೆರೆತಿತ್ತು. ಮುನಶಿ ಬಾಗಿಲಲ್ಲಿ ಬಂದು ನಿಂತರು.

ಅಪ್ಪ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟ. “ಸಾಹೇಬ್ರ, ನಿಮ್ಮ ಉಪಕಾರ ದೊಡ್ಡದು. ಇದರಾಗ ಒಂದು ಮಾತು ಬಂದದರಿ. ಅದು ನಮಗ ಹೊಂದಂಗಿಲ್ಲ.”

ಸಾಹೇಬರು ಓದಿದರು. ಮೊದಲ ಸಲ ಓದುತ್ತಿದ್ದಾರೆಂದು ಅವರ ಮುಖದಿಂದಲೇ ಗೊತ್ತಾಯಿತು. “ಯಾವ ಮಾತು?”

“ಉಪ್ಪಿಂದು.”

“ನಮಕ್ ಪರ್ವರ್ದಾ?” ಎಂದು ಮುನಶಿಯ ಕಡೆ ನೋಡಿದರು. ಮುನಶಿ ಕೈ ಕಟ್ಟಿಕೊಂಡು, “ಇದಕ್ಕಿಂತ ಮ್ಯಾಲಿನ ಮಾತು ನಮ್ಮ ಕಡೆ ಇಲ್ಲರಿ. ಪರಿಚಿತ ಅಂತ ಬರದ್ರ ಅಲ್ಲಿ ಬದಿಗಿಡ್ತಾರ. ಹುಡುಗನ ಸಲುವಾಗಿ ಹಾಕೀನಿ,” ಎಂದರು.

“ಕೇಳಿದ್ರೇನು ಸೇಠ್? ನಾನು ನಿಮ್ಮ ಮಗನಿಗೆ ನನ್ನ ಮನಿ ಹೆಸರು ಕೊಟ್ಟೀನಿ ಇದರಾಗ. ನೀವು ಬ್ಯಾಡ ಅಂತೀರಿ.”

“ಬ್ಯಾಡ ಅಂತಿಲ್ಲರಿ. ನಾವು ನಿಮ್ಮ ಉಪ್ಪು ತಿಂದಿಲ್ಲ. ತಿಂದಿದ್ರ ಹೇಳ್ತಿದ್ದೆವು.”

ಸಾಹೇಬರು ಅಪ್ಪನನ್ನೇ ನೋಡುತ್ತ ಕೂತರು. ನಾನು ನೆಲ ನೋಡುತ್ತಿದ್ದೆ. ಈಗ ಪತ್ರ ಹರಿದು ಎಸೆಯುತ್ತಾರೆ ಎಂದುಕೊಂಡೆ. ಅವರು ತಾಟನ್ನು ಅಪ್ಪನ ಕಡೆ ಸರಿಸಿದರು. “ಹಾಂಗಾದ್ರ ತಿನ್ರಿ. ಈಗ ತಿನ್ರಿ. ಮಾತು ಖರೆ ಆಗ್ತದ. ಕಾಗದ ಮತ್ತ ಯಾಕ ಕೆಡಿಸೋದು?”

ಮುನಶಿ ಬಾಯಿ ಮುಚ್ಚಿಕೊಂಡು ನಕ್ಕರು. ಅಪ್ಪ ಹೊರಗೆ ಬೇರೆಯವರ ಕೈಯ ನೀರನ್ನೂ ಮುಟ್ಟದವನು. ಆದರೆ ಬೇಯಿಸದ ಹಣ್ಣು ಕಾಯಿಗೆ ನಮ್ಮಲ್ಲಿ ಅಷ್ಟು ಕಟ್ಟು ಇರಲಿಲ್ಲ. ಅವನು ಕೈ ಚಾಚಿ ಒಂದು ಹೋಳು ತೆಗೆದುಕೊಂಡ, ಉಪ್ಪಿನಲ್ಲಿ ಅದ್ದಿದ, ತಿಂದ. ನಿಧಾನವಾಗಿ ಅಗಿದು ನುಂಗಿದ. ನನಗೂ ಒಂದು ಹೋಳು ಕೊಟ್ಟ. ಇದು ನಡೆಯಿತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಮನೆಯಲ್ಲಿ ಅಪ್ಪ ಈ ಸೌತೆಕಾಯಿಯ ಸುದ್ದಿ ಎತ್ತಲೇ ಇಲ್ಲ. ಅವ್ವನನ್ನು ಆಮೇಲೆ ಕೇಳಿದರೆ, “ನಿಮ್ಮಪ್ಪ? ಅಲ್ಲಿ? ನೀ ಕನಸು ಕಂಡೀ,” ಎನ್ನುತ್ತಿದ್ದಳು.

“ಆತು?” ಎಂದರು ಸಾಹೇಬರು.

“ಉಪ್ಪಿಂದು ಆತ್ರಿ,” ಎಂದ ಅಪ್ಪ. “ಇನ್ನ ಇಂವನ್ನ ಬೆಳೆಸಿದಾಕಿ ಇವನವ್ವ. ಆಕಿ ಮನ್ಯಾಗ ಅದಾಳ. ಆಕೀಗ ನಾ ಏನು ಹೇಳ್ಲಿ?”

ಸಾಹೇಬರು ನಕ್ಕರು, ಬಹಳ ಹೊತ್ತು ನಕ್ಕರು. ಬಳಿಕ ಬೇಸರದ ದನಿಯಲ್ಲಿ, “ಮುನಶಿಜಿ, ಬೇರೆ ಕಾಗದ ತಗೊಳ್ರಿ. ಸೇಠ್ ಏನು ಹೇಳ್ತಾನ ಅದು ಬರೀರಿ. ನಾ ಸಹಿ ಮಾಡ್ತೀನಿ,” ಎಂದರು.

ಅಪ್ಪ ಕನ್ನಡದಲ್ಲಿ ಹೇಳಬೇಕು, ನಾನು ಉರ್ದುವಿಗೆ ತಿರುಗಿಸಬೇಕು, ಮುನಶಿ ಬರೆಯಬೇಕು. ನನ್ನ ಬಗ್ಗೆ ನಾನೇ ಬರೆಯುವುದರಲ್ಲಿ ಇದು ಇನ್ನೊಂದು ಬಗೆ. ಅಪ್ಪ ಗಂಟಲು ಸರಿಪಡಿಸಿಕೊಂಡ.

“ಇಂವ ನನ್ನ ಮಗ. ಓದ್ಯಾನ, ಪಾಸಾಗ್ಯಾನ. ಇವರಜ್ಜಿ ಹಾಸಿಗಿ ಹಿಡಿದಾಗ ಬೆನ್ನಿನ ಹುಣ್ಣು ದಿನಾ ಇಂವನೇ ತೊಳದಾನ. ಒಂದಿನಾನೂ ಮೂಗು ಮುಚ್ಚಿಲ್ಲ. ಅಷ್ಟೇ,” ಎಂದ.

ನಾನು ಅಲ್ಲಿಯೇ ತೊದಲಿದೆ. ಅಜ್ಜಿಯ ಹುಣ್ಣು ತೊಳೆದದ್ದು ನಿಜ. ಮೂಗು ಮುಚ್ಚಿಲ್ಲವೆಂಬುದು ನಿಜವಲ್ಲ. ಕರ್ಪೂರ ಕಟ್ಟಿದ ಪಂಚೆಯ ಚೂರನ್ನು ಮೂಗಿಗೆ ಕಟ್ಟಿಕೊಳ್ಳುತ್ತಿದ್ದೆ. ಅಪ್ಪನೇ ಅದನ್ನು ನೋಡಿದ್ದ. ಇಲ್ಲ, ನೋಡಿರಲಿಲ್ಲವೋ ಏನೋ, ಅವನು ಆ ಹೊತ್ತಿಗೆ ಅಂಗಡಿಯಲ್ಲಿರುತ್ತಿದ್ದ. ಒಂದು ಶಬ್ದ ಸುಳ್ಳೆಂದು ಮಂಜೀರಾ ದಾಟಿ ಬಂದವನು ತನಗೆ ತಿಳಿಯದೆಯೇ ಇನ್ನೊಂದನ್ನು ಹೇಳುತ್ತಿದ್ದ. ಅದನ್ನು ಅಲ್ಲಿ, ಆ ಇಬ್ಬರ ಎದುರಿಗೆ, ನಾನು ಹೇಗೆ ತಿದ್ದಲಿ? ಉರ್ದುವಿನಲ್ಲಿ ಹೇಳಿದೆ. ಮುನಶಿ ಬರೆದರು.

ಸಾಹೇಬರು ಓದಿ, “ಇದರಾಗ ನಾನು ಎಲ್ಲಿದ್ದೀನಿ?” ಎಂದು ಕೇಳಿದರು.

ಅದು ಕೇಳಬೇಕಾದ ಪ್ರಶ್ನೆಯೇ. ಅವರೇ ಕಲಮು ತೆಗೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದರು: ‘ಇದನ್ನು ಹುಡುಗನ ತಂದೆಯ ಬಾಯಿಂದ ಕೇಳಿದ್ದೇನೆ. ಆತ ಸುಳ್ಳು ಹೇಳುವವನಲ್ಲ.’ ಸಹಿ ಹಾಕಿ, ಮುದ್ರೆ ಒತ್ತಿಸಿದರು. ಹಳೆಯ ಪತ್ರವನ್ನೂ ಹರಿಯಲಿಲ್ಲ. ಎರಡನ್ನೂ ನನ್ನ ಕೈಗಿಟ್ಟರು. “ಎರಡೂ ಇಟ್ಕೋ ಬೇಟಾ. ಯಾವುದು ಕೊಡಬೇಕು ಅಂತ ಹೈದರಾಬಾದಿನಾಗ ತಿಳೀತದ.”

ವಾಪಸು ಬರುವಾಗ ಹೊಳೆಯ ದಂಡೆಯಲ್ಲಿ ನಾನು ಹಳೆಯ ಪತ್ರವನ್ನು ಅಪ್ಪನ ಮುಂದೆ ಹಿಡಿದೆ. ಅವನೇ ಹರಿದು ನೀರಿಗೆ ಹಾಕಲಿ ಎಂದಿತ್ತು. ಅವನು ತೆಗೆದುಕೊಳ್ಳಲಿಲ್ಲ. “ನಿನ್ನ ಕಡೇನೇ ಇರ್ಲಿ. ಓದಿದವ ನೀನು,” ಎಂದ. ಅದು ಅನುಮತಿಯೋ, ಪರೀಕ್ಷೆಯೋ, ಬರೀ ದಣಿವೋ ತಿಳಿಯಲಿಲ್ಲ. ಕೇಳಬೇಕಿತ್ತು. ನಮ್ಮಲ್ಲಿ ಅಪ್ಪಂದಿರನ್ನು ಹಾಗೆಲ್ಲ ಕೇಳುತ್ತಿರಲಿಲ್ಲ. ಕೇಳದೆ ಇದ್ದುದರ ಸಿಟ್ಟು ಈಗಲೂ ಇದೆ, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು.

ಹೈದರಾಬಾದಿಗೆ ಒಬ್ಬನೇ ಹೋದೆ. ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರು ವಯಸ್ಸಾದವರು, ಸಭ್ಯರು. ತಾಂಡೂರಿನ ಪತ್ರ ನೋಡಿ, “ಒಳ್ಳೇ ಶಾಲೆ,” ಎಂದರು. ಅಪ್ಪ ಹೇಳಿ ಬರೆಸಿದ ಪತ್ರವನ್ನು ಎರಡು ಸಲ ಓದಿದರು.

“ಮಿಯಾಂ, ಇದು ಸಿಫಾರಸು ಅಲ್ಲ. ಇದು ನಿಮ್ಮ ತಂದೆಯವರ ಹೇಳಿಕೆ,” ಎಂದು ಉರ್ದುವಿನಲ್ಲಿ ಹೇಳಿದರು. “ಸಹಿ ದೊಡ್ಡವರದಿದೆ, ತೆಗೆದುಕೊಳ್ಳುತ್ತೇನೆ. ಆದರೆ ಬೇರೆ ಏನಾದರೂ ಇದ್ದರೆ ಕೊಡಿ. ಇದೆಯೇ?”

ಹಳೆಯ ಪತ್ರ ಶೇರ್ವಾನಿಯ ಒಳಜೇಬಿನಲ್ಲಿತ್ತು. ನನ್ನ ಹಿಂದೆ ಸಾಲು ಇತ್ತು, ಯಾರೋ ಕೆಮ್ಮುತ್ತಿದ್ದರು. ಕೈ ಜೇಬಿನ ತನಕ ಹೋಯಿತು. “ಇಲ್ಲ,” ಎಂದೆ.

ಯಾಕೆ ಹಾಗೆ ಹೇಳಿದೆ ಎಂಬುದಕ್ಕೆ ಹಲವು ಉತ್ತರಗಳನ್ನು ಹಲವು ವಯಸ್ಸಿನಲ್ಲಿ ಕೊಟ್ಟುಕೊಂಡಿದ್ದೇನೆ. ಅಪ್ಪ ಆ ಹೋಳನ್ನು ಅಗಿದ ರೀತಿ ಕಣ್ಣ ಮುಂದೆ ಬಂತು ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದೆ. ಅದು ಕೇಳಲು ಚೆನ್ನಾಗಿದೆ, ಆದ್ದರಿಂದಲೇ ನನಗೆ ಅದರ ಮೇಲೆ ಸಂಶಯ. ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಸುಳ್ಳಾಗಿಸುತ್ತವೆ ಎಂದು ಹೆದರಿದ್ದಿರಬಹುದು. ಅಥವಾ ಗುಮಾಸ್ತರು ಕೇಳಿದ ದನಿಯಲ್ಲಿದ್ದ ಕನಿಕರ ನನಗೆ ಚುಚ್ಚಿತ್ತು. ಹಟವೂ ಇದ್ದೀತು. ಒಟ್ಟಿನಲ್ಲಿ ಇಲ್ಲವೆಂದೆ, ಅವರು ಮುಂದಿನವರನ್ನು ಕರೆದರು.

ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ನನಗಿಂತ ಹೆಚ್ಚು ಅಂಕ ಬಂದವರು ಅದರಲ್ಲಿದ್ದರು, ಕಡಿಮೆ ಬಂದವರೂ ಇದ್ದರು ಎಂದು ಕೇಳಿದೆ. ಸಿಫಾರಸು ಪತ್ರಗಳನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ನನ್ನನ್ನು ಹೆಚ್ಚು ಸುಡುವುದು ಇದೇ. ಆ ಹಳೆಯ ಪತ್ರದಿಂದ ಸೀಟು ಸಿಗುತ್ತಿತ್ತು ಎಂದು ಗೊತ್ತಿದ್ದರೆ ಸಿಟ್ಟಾಗಬಹುದಿತ್ತು. ಸಿಗುತ್ತಿರಲಿಲ್ಲ ಎಂದು ಗೊತ್ತಿದ್ದರೆ ಸುಮ್ಮನಿರಬಹುದಿತ್ತು. ಎರಡಕ್ಕೂ ಅವಕಾಶ ಸಿಗಲಿಲ್ಲ. ಮರುವರ್ಷ ವಿಜ್ಞಾನವನ್ನೇ ಮುಂದುವರಿಸಿ ಪದವಿ ಮಾಡಿದೆ, ಹುಡುಗರಿಗೆ ಕಲಿಸುವ ಕೆಲಸ ಹಿಡಿದೆ. ಆದರೆ ಆ ನಡುವಿನ ವರ್ಷ ಜಹೀರಾಬಾದಿನ ಅಂಗಡಿಯಲ್ಲಿ ಕೂತೆ.

ಪಟ್ಟಿ ನೋಡಿ ಬಂದ ದಿನ ಮಳೆ ಹಿಡಿದಿತ್ತು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ತೇವಕ್ಕೆ ಬೆಲ್ಲ ನೀರೊಡೆಯಬಾರದೆಂದು ಅಪ್ಪ ಪೆಂಟೆಗಳ ಮೇಲೆ ಗೋಣಿ ಹೊದಿಸುತ್ತಿದ್ದ. ಆಗಲಿಲ್ಲ ಎಂದು ಹೇಳಿದೆ. ಅವನು ಗೋಣಿಯ ಅಂಚನ್ನು ಒಳಗೆ ಸಿಕ್ಕಿಸುತ್ತ, “ಯಾವುದು ಕೊಟ್ಟಿ?” ಎಂದು ಕೇಳಿದ.

“ನೀ ಹೇಳಿ ಬರೆಸಿದ್ದು.”

“ಇನ್ನೊಂದು?”

“ಕೊಡಲಿಲ್ಲ.”

ಅವನು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ. “ಕೊಡಬೇಕಾಗಿತ್ತೇನೋ,” ಎಂದ.

“ಮೊದಲೇ ಹೇಳಬಾರದಿತ್ತೇನಪ್ಪಾ? ಹೊಳಿ ದಂಡ್ಯಾಗ ನಿಂತು ಹಿಡಿದೆ ನಿನ್ನ ಮುಂದ. ನೀ ಮುಟ್ಟಲಿಲ್ಲ.”

“ನಿಂಗೇ ಬಿಟ್ಟಿದ್ದೆ ಅಲ್ಲ?”

“ಹರೀಲಿಲ್ಲ, ಕೊಡು ಅಂತನೂ ಅನ್ನಲಿಲ್ಲ. ನಾ ಏನಂತ ತಿಳೀಬೇಕು?”

“ನಂಗ ಹೊಂದಲಿಲ್ಲ, ನಾ ಹೇಳ್ದೆ. ನಿಂಗ ಹೊಂದಿದ್ರ ನೀ ಕೊಡ್ತಿದ್ದಿ ಅಂದ್ಕೊಂಡೆ,” ಎಂದ ಅಪ್ಪ. “ಸೀಟು ನಿಂದು.”

ಇದಕ್ಕೆ ನಾನು ಏನು ಹೇಳಿದೆನೋ ನೆನಪಿಲ್ಲ. ಜೋರಾಗಿಯೇ ಹೇಳಿರಬೇಕು, ಯಾಕೆಂದರೆ ಅವ್ವ ಅಂಗಡಿಯ ಹಿಂದಿನ ಮನೆಯಿಂದ ಹೊರಗೆ ಬಂದು ಇಬ್ಬರನ್ನೂ ನೋಡಿದಳು. ಅಪ್ಪ ಇನ್ನೊಂದು ಗೋಣಿ ಎತ್ತಿ, ಅದರ ಒಂದು ತುದಿಯನ್ನು ನನ್ನ ಕಡೆ ಚಾಚಿದ. ಬೆಲ್ಲ ಬಹಳವಿತ್ತು, ಹೊರಗೆ ಮಳೆ ಜೋರಾಗುತ್ತಿತ್ತು. ನಾನು ತುದಿ ಹಿಡಿದೆ. ಹಿಡಿದುಕೊಂಡೇ ಜಗಳ ಮುಂದುವರಿಸಿದೆ.